ಕಥೆಯ ನೀತಿ ಕೇಳುವ ಮೊದಲು ಕಥೆ ಹೇಳುತ್ತಿರುವವರು ಯಾರೆಂದು ಕೇಳೋಣ

ಸಂಪಾದಕರಿಗೆ,

ಮಾನ್ಯರೇ,

ಕಡೂರು ತಾಲ್ಲೂಕಿನ ಪ್ರೌಢಶಾಲೆಗಳಲ್ಲಿ 31 ವರ್ಷ ಕನ್ನಡ ಪಾಠ ಮಾಡಿ ನಿವೃತ್ತಳಾದ ನಾನು ಈಗ ಶನಿವಾರ ಮಧ್ಯಾಹ್ನ ನಮ್ಮೂರಿನ ಪಂಚಾಯಿತಿ ಗ್ರಂಥಾಲಯದಲ್ಲಿ ಐದರಿಂದ ಎಂಟನೆಯ ತರಗತಿವರೆಗಿನ ಹತ್ತು ಹನ್ನೆರಡು ಮಕ್ಕಳಿಗೆ ಕಥೆ ಓದಿ ಹೇಳುತ್ತೇನೆ. ಅಲ್ಲಿ ಕಂಡ ಒಂದು ಕೊರತೆಯ ಬಗ್ಗೆ, ಅದಕ್ಕೆ ನನ್ನಂಥ ಅಧ್ಯಾಪಕರೇ ಬಹುಮಟ್ಟಿಗೆ ಕಾರಣರಾಗಿರುವುದರ ಬಗ್ಗೆ ತಮ್ಮ ಪತ್ರಿಕೆಯ ಮೂಲಕ ಶಿಕ್ಷಕರಲ್ಲಿ ಮತ್ತು ಪೋಷಕರಲ್ಲಿ ಕೆಲವು ಮಾತುಗಳನ್ನು ಹೇಳಬಯಸುತ್ತೇನೆ.

ಕೆಲವು ವಾರಗಳ ಹಿಂದೆ ಈ ಮಕ್ಕಳಿಗೆಂದೇ ನಾನು ಅರ್ಧ ಪುಟದ ಒಂದು ಕಥೆ ಬರೆದುಕೊಂಡು ಹೋಗಿದ್ದೆ. ಅದರ ಸಾರ ಇಷ್ಟು: ‘ಬೆಳಿಗ್ಗೆ ಅಡುಗೆಮನೆಯಲ್ಲಿ ಹಾಲಿನ ಚೊಂಬು ಉರುಳಿತ್ತು. ಪುಟ್ಟಿ ಅಲ್ಲೇ ನಿಂತಿದ್ದಳು. ಅವಳೇ ಉರುಳಿಸಿದ್ದು ಎಂದು ಅಮ್ಮನಿಗೆ ಹೇಳಿದೆ. ಅಮ್ಮ ಪುಟ್ಟಿಗೆ ಬೈದರು. ಅಷ್ಟರಲ್ಲಿ ನಾನು ಹಿತ್ತಲಿಗೆ ಹೋಗಿ ಕೈ ತೊಳೆದುಕೊಂಡು ಬಂದೆ. ಅಣ್ಣ, ನಾನು ಚೊಂಬು ಮುಟ್ಟಿದ್ದನ್ನು ನೀನು ನೋಡಿದೆಯಾ ಎಂದು ಪುಟ್ಟಿ ಕೇಳಿದಳು. ನನಗೆ ಶಾಲೆಗೆ ಹೊತ್ತಾಗಿತ್ತು.’ ಓದಿ ಮುಗಿಸಿ, ಹಾಲು ಚೆಲ್ಲಿದವರು ಯಾರು ಎಂದು ಕೇಳಿದೆ. ಎಲ್ಲರೂ ಒಂದೇ ದನಿಯಲ್ಲಿ ಪುಟ್ಟಿ ಎಂದರು. ಹಾಗೆಂದು ನಿಮಗೆ ಹೇಳಿದವರು ಯಾರು ಎಂದು ಕೇಳಿದಾಗ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಏಳನೆಯ ತರಗತಿಯ ಒಬ್ಬ ಹುಡುಗಿ, ‘ನೀವೇ ಅಲ್ವಾ ಮಿಸ್ ಹೇಳಿದ್ದು? ನಿಮ್ಮ ತಂಗಿ ಪಾಪ’ ಎಂದಳು. ಕಥೆ ಬರೆದವಳು ನಾನಾದ್ದರಿಂದ ಕಥೆಯೊಳಗಿನ ‘ನಾನು’ ಕೂಡ ನಾನೇ ಎಂದು ಆ ಮಗು ನಂಬಿತ್ತು. ತಂಗಿಯು ‘ಅಣ್ಣ’ ಎಂದು ಕರೆದದ್ದನ್ನು, ಅಂದರೆ ಕಥೆ ಹೇಳುತ್ತಿರುವುದು ಒಬ್ಬ ಹುಡುಗ ಎಂಬುದನ್ನು, ಹನ್ನೆರಡು ಮಕ್ಕಳಲ್ಲಿ ಒಬ್ಬರೂ ಗಮನಿಸಿರಲಿಲ್ಲ. ಅವನು ಕೈ ತೊಳೆದುಕೊಂಡದ್ದು ಯಾಕೆ ಎಂಬ ಪ್ರಶ್ನೆಯಂತೂ ದೂರದ ಮಾತು.

ಈ ಮಕ್ಕಳು ದಡ್ಡರಲ್ಲ. ಮನೆಯಲ್ಲಿ ಅಣ್ಣನೋ ಅಕ್ಕನೋ ಬಂದು ದೂರು ಹೇಳಿದರೆ, ಹೇಳುತ್ತಿರುವವರ ಮುಖ ನೋಡಿಯೇ ಅದರಲ್ಲಿ ನಿಜವೆಷ್ಟು ಎಂದು ಅಳೆಯಬಲ್ಲವರು. ಅದೇ ಮಾತು ಪುಸ್ತಕದಲ್ಲಿ ಅಚ್ಚಾಗಿ ಬಂದರೆ ಮಾತ್ರ ಅದಕ್ಕೊಂದು ಬಾಯಿ ಇದೆ ಎಂಬುದನ್ನು ಮರೆತುಬಿಡುತ್ತಾರೆ. ಈ ಮರೆವನ್ನು ಅವರಿಗೆ ಕಲಿಸಿದವರು ನಾವು. ನಮ್ಮ ಪರೀಕ್ಷೆಗಳಲ್ಲಿ ‘ಈ ಮಾತನ್ನು ಯಾರು ಯಾರಿಗೆ ಹೇಳಿದರು’ ಎಂಬ ಪ್ರಶ್ನೆ ಇದ್ದೇ ಇರುತ್ತದೆ. ಪ್ರೌಢಶಾಲೆಗೆ ಬಂದರೆ ‘ಸಂದರ್ಭದೊಡನೆ ಸ್ವಾರಸ್ಯ ವಿವರಿಸಿ’ ಎಂಬುದೂ ಇರುತ್ತದೆ. ಮೇಲುನೋಟಕ್ಕೆ ನಾನು ಕೇಳುತ್ತಿರುವುದೂ ಇದನ್ನೇ ಅನ್ನಿಸಬಹುದು. ಆದರೆ ಆ ಪ್ರಶ್ನೆ ಪಾತ್ರಗಳ ನಡುವಿನ ಮಾತಿಗೆ ಮಾತ್ರ ಸಂಬಂಧಿಸಿದ್ದು. ಪಾತ್ರ ಆಡದ ಯಾವ ಸಾಲನ್ನು ಕೊಟ್ಟರೂ ‘ಈ ವಾಕ್ಯವನ್ನು ಲೇಖಕರು ಓದುಗರಿಗೆ ಹೇಳಿದ್ದಾರೆ’ ಎಂದು ಬರೆಯುವುದನ್ನು ನಾವೇ ಬಾಯಿಪಾಠ ಮಾಡಿಸಿದ್ದೇವೆ. ಪಾಠದ ಕೊನೆಯಲ್ಲಿರುವ ಕೃತಿಕಾರರ ಪರಿಚಯ, ಅಂದರೆ ಸ್ಥಳ, ಕಾಲ, ಕೃತಿಗಳು, ಪ್ರಶಸ್ತಿಗಳು, ಇವನ್ನು ಕಂಠಸ್ಥ ಮಾಡಿದ ಮಗುವಿಗೆ ಕಥೆಯೊಳಗೆ ‘ನಾನು’ ಎಂಬ ಪದ ಬಂದ ಕೂಡಲೇ ನೆನಪಾಗುವುದು ಆ ಪರಿಚಯದ ವ್ಯಕ್ತಿಯೇ. ಬಹಳ ವರ್ಷಗಳ ಹಿಂದೆ ಒಬ್ಬ ವಿದ್ಯಾರ್ಥಿ ಇಂಥದೇ ಉತ್ತರದಲ್ಲಿ ‘ಇದನ್ನು ಹೇಳುತ್ತಿರುವುದು ಲೇಖಕರಲ್ಲ, ಕಥೆಯ ಹುಡುಗ’ ಎಂದು ಬರೆದಿದ್ದಾಗ, ಮಾದರಿ ಉತ್ತರದಲ್ಲಿ ಹಾಗಿಲ್ಲವೆಂದು ನಾನು ಒಂದು ಅಂಕ ಕಳೆದಿದ್ದೆ. ಅವನು ಬರೆದದ್ದು ಸರಿಯಾಗಿತ್ತು. ಅದನ್ನು ಈಗ ನೆನೆದರೆ ನನಗೆ ನಿಜವಾಗಿಯೂ ನೋವಾಗುತ್ತದೆ.

ಇದನ್ನು ಕಲಿಸಲು ನಮಗೆ ಹೊರಗಿನ ಯಾವ ಸಿದ್ಧಾಂತವೂ ಬೇಕಾಗಿಲ್ಲ, ಏಕೆಂದರೆ ಕನ್ನಡದ ವಾಕ್ಯವೇ ಹೇಳುವವರ ಗುರುತನ್ನು ಹೊತ್ತುಕೊಂಡು ಬರುತ್ತದೆ. ‘ಬಂದನು’, ‘ಬಂದಳು’, ‘ಬಂದಿತು’ ಎಂದರೆ ಬಂದದ್ದು ಗಂಡೋ ಹೆಣ್ಣೋ ಪ್ರಾಣಿಯೋ ತಿಳಿಯುತ್ತದೆ. ‘ಬಂದೆನು’ ಎಂದರೆ ತಿಳಿಯುವುದಿಲ್ಲ. ನಾನು ಎಂದು ಮಾತಾಡುವವರು ಹುಡುಗನೋ ಹುಡುಗಿಯೋ ಮುದುಕಿಯೋ ಎಂಬುದನ್ನು ನಮ್ಮ ಕ್ರಿಯಾಪದ ಮುಚ್ಚಿಟ್ಟುಕೊಳ್ಳುತ್ತದೆ. ಎಷ್ಟೋ ಸಲ ‘ನಾನು’ ಎಂಬ ಪದವೂ ವಾಕ್ಯದಲ್ಲಿ ಇರುವುದಿಲ್ಲ. ‘ಅಮ್ಮನಿಗೆ ಹೇಳಿದೆ’ ಎಂಬಲ್ಲಿ ಆ ಕೊನೆಯ ಒಂದು ಅಕ್ಷರದಲ್ಲಿಯೇ ಇಡೀ ವ್ಯಕ್ತಿ ಅಡಗಿರುತ್ತಾನೆ. ಹಾಗಿರುವಾಗ ಆ ವ್ಯಕ್ತಿ ಯಾರೆಂದು ತಿಳಿಯಲು ಮಗು ಸುತ್ತಲಿನ ಮಾತುಗಳಲ್ಲಿ ಹುಡುಕಬೇಕು: ಬೇರೆಯವರು ಅವನನ್ನು ಅಣ್ಣ ಎನ್ನುತ್ತಾರೋ ಮಗಳೇ ಎನ್ನುತ್ತಾರೋ, ನೀನು ಎನ್ನುತ್ತಾರೋ ನೀವು ಎನ್ನುತ್ತಾರೋ ಎಂದು. ಇದು ಮಕ್ಕಳಿಗೆ ಬಹಳ ಇಷ್ಟವಾಗುವ ಹುಡುಕಾಟ. ಒಮ್ಮೆ ದಾರಿ ತೋರಿಸಿದ ಮೇಲೆ ಐದನೆಯ ತರಗತಿಯ ಮಕ್ಕಳೂ ನನಗಿಂತ ಬೇಗ ಗುರುತು ಹಿಡಿಯುತ್ತಿದ್ದಾರೆ.

ಪಾರಿಭಾಷಿಕ ಪದಗಳ ವಿಷಯದಲ್ಲಿ ಮಾತ್ರ ಶಿಕ್ಷಕರು ಎಚ್ಚರ ವಹಿಸಬೇಕು. ನಮ್ಮ ವ್ಯಾಕರಣದಲ್ಲಿ ‘ನಾನು’ ಉತ್ತಮ ಪುರುಷ, ‘ನೀನು’ ಮಧ್ಯಮ ಪುರುಷ, ‘ಅವನು’ ಪ್ರಥಮ ಪುರುಷ. ಇಂಗ್ಲಿಷ್ ಪಾಠದಲ್ಲಿ ‘ಫಸ್ಟ್ ಪರ್ಸನ್’ ಎಂದರೆ ‘ನಾನು’. ಪ್ರಥಮ ಎಂಬುದೂ ಫಸ್ಟ್ ಎಂಬುದೂ ಒಂದೇ ಅರ್ಥದ ಪದಗಳಾದ್ದರಿಂದ, ಬೆಳಗಿನ ಕನ್ನಡ ತರಗತಿಯಲ್ಲಿ ಕಲಿತದ್ದನ್ನು ಮಧ್ಯಾಹ್ನದ ಇಂಗ್ಲಿಷ್ ತರಗತಿ ತಲೆಕೆಳಗು ಮಾಡುತ್ತದೆ. ‘ಪ್ರಥಮ ಪುರುಷ ನಿರೂಪಣೆ’ ಎಂದು ಬರೆದಾಗ ಅದರ ಅರ್ಥ ‘ನಾನು’ ಎಂದೋ ‘ಅವನು’ ಎಂದೋ ಎಂಬ ಗೊಂದಲ ದೊಡ್ಡವರ ಬರವಣಿಗೆಯಲ್ಲಿಯೂ ಇದೆ. ‘ಅವನು’ ಎಂಬುದಕ್ಕೆ ಅನ್ಯ ಪುರುಷ ಎಂಬ ಇನ್ನೊಂದು ಹೆಸರಿರುವುದರಿಂದ ತರಗತಿಯಲ್ಲಿ ಅದನ್ನೇ ಬಳಸುವುದು ಮೇಲು. ಇನ್ನು ನಿರೂಪಕ ಎಂದರೆ ಮಕ್ಕಳಿಗೆ ಗೊತ್ತಿರುವುದು ಶಾಲಾ ವಾರ್ಷಿಕೋತ್ಸವದಲ್ಲಿ ಮೈಕ್ ಹಿಡಿದು ಕಾರ್ಯಕ್ರಮ ನಡೆಸಿಕೊಡುವವರು. ಚಿಕ್ಕ ತರಗತಿಗಳಲ್ಲಿ ‘ಕಥೆ ಹೇಳುವವರು’ ಎಂದರೆ ಸಾಕು.

ನಾನು ಹೆಚ್ಚು ಒತ್ತಿ ಹೇಳಬೇಕೆಂದಿರುವುದು ‘ಅಂತೆ’ ಎಂಬ ಪದದ ವಿಷಯ. ಅಜ್ಜಿ ಕಥೆ ಹೇಳುವಾಗ ‘ಒಂದೂರಲ್ಲಿ ಒಬ್ಬ ರಾಜ ಇದ್ದನಂತೆ, ಅವನಿಗೆ ಮೂರು ಜನ ಹೆಂಡಿರಂತೆ’ ಎನ್ನುತ್ತಾಳೆ. ಆ ‘ಅಂತೆ’ಯಲ್ಲಿ ಒಂದು ದೊಡ್ಡ ಪ್ರಾಮಾಣಿಕತೆ ಇದೆ: ನಾನು ನೋಡಿದ್ದಲ್ಲ, ನನಗೆ ಯಾರೋ ಹೇಳಿದ್ದು, ನಾನು ನಿನಗೆ ದಾಟಿಸುತ್ತಿದ್ದೇನೆ. ಹೇಳುವವಳು ಕಥೆಯಿಂದ ಎಷ್ಟು ದೂರದಲ್ಲಿ ನಿಂತಿದ್ದಾಳೆ ಎಂಬುದನ್ನು ಅದು ಪ್ರತಿ ವಾಕ್ಯದ ತುದಿಯಲ್ಲಿಯೂ ನೆನಪಿಸುತ್ತದೆ. ಅದೇ ಕಥೆ ಪುಸ್ತಕಕ್ಕೆ ಬಂದಾಗ ‘ಒಂದೂರಿನಲ್ಲಿ ಒಬ್ಬ ರಾಜನಿದ್ದನು’ ಎಂದಾಗುತ್ತದೆ. ‘ಅಂತೆ’ ಉದುರಿಹೋದ ಜಾಗದಲ್ಲಿ, ಎಲ್ಲವನ್ನೂ ಬಲ್ಲ, ಎಲ್ಲರ ಮನಸ್ಸಿನೊಳಗೂ ಇಣುಕಬಲ್ಲ, ಹೆಸರಿಲ್ಲದ ಒಬ್ಬರು ಬಂದು ಕೂರುತ್ತಾರೆ. ಇದು ತಪ್ಪೆಂದು ನಾನು ಹೇಳುತ್ತಿಲ್ಲ. ಬರೆದ ಕಥೆಯ ಶಕ್ತಿಯಲ್ಲಿ ಬಹುಪಾಲು ಬಂದಿರುವುದು ಈ ಬದಲಾವಣೆಯಿಂದಲೇ. ಆದರೆ ಈ ಬದಲಾವಣೆ ಆಗಿದೆ ಎಂಬುದು ಮಗುವಿಗೆ ಗೊತ್ತಿರಬೇಕು. ನಾನು ಮಕ್ಕಳಿಂದ ಮಾಡಿಸುವ ಒಂದು ಅಭ್ಯಾಸವೆಂದರೆ, ಪುಸ್ತಕದ ಒಂದು ಪುಟವನ್ನು ‘ಅಂತೆ’ ಸೇರಿಸಿ ಓದಿಸುವುದು. ‘ರಾಜನು ಒಳಗೊಳಗೇ ಬೆಂದುಹೋದನು’ ಎಂಬ ವಾಕ್ಯಕ್ಕೆ ‘ಅಂತೆ’ ಸೇರಿಸಿದ ಕೂಡಲೇ ಒಬ್ಬ ಹುಡುಗ, ‘ಒಳಗೊಳಗೇ ಬೆಂದದ್ದು ಇವರಿಗೆ ಹೇಗೆ ಗೊತ್ತಾಯಿತು ಮಿಸ್?’ ಎಂದು ಕೇಳಿದ. ಅವನಿಗೆ ನಾನು ಕಲಿಸಬೇಕೆಂದಿದ್ದದ್ದು ಆ ಪ್ರಶ್ನೆಯನ್ನೇ.

ಅಂತೆಕಂತೆ ಎಂಬ ಮಾತು ನಮ್ಮಲ್ಲಿ ಹಗುರವಾದ ಅರ್ಥ ಪಡೆದಿದೆ. ಊರಿನಲ್ಲಿ ಸುದ್ದಿ ಹಬ್ಬುವ ರೀತಿಯನ್ನು ಗಮನಿಸಿದವರಿಗೆ ಅಪಾಯ ‘ಅಂತೆ’ಯಲ್ಲಿ ಇಲ್ಲವೆಂದೂ, ಅದು ಕಳಚಿಬೀಳುವ ಗಳಿಗೆಯಲ್ಲಿದೆ ಎಂದೂ ತಿಳಿದಿರುತ್ತದೆ. ‘ಅವನು ದುಡ್ಡು ತಗೊಂಡನಂತೆ’ ಎಂದು ಹೊರಟ ಮಾತು ನಾಲ್ಕನೆಯ ಬಾಯಿಗೆ ಬರುವ ಹೊತ್ತಿಗೆ ‘ತಗೊಂಡ’ ಎಂದಾಗಿರುತ್ತದೆ. ಈಗ ಮೊಬೈಲಿನಲ್ಲಿ ಬರುವ ಸಂದೇಶಗಳಲ್ಲಿ ‘ನಾನು ಕಣ್ಣಾರೆ ಕಂಡೆ’ ಎಂದು ಬರೆದಿರುತ್ತದೆ. ಆ ‘ನಾನು’ ಯಾರೆಂದು ಕಳುಹಿಸಿದವರಿಗೂ ಗೊತ್ತಿರುವುದಿಲ್ಲ, ಅವರಿಗೆ ಕಳುಹಿಸಿದವರಿಗೂ ಗೊತ್ತಿರುವುದಿಲ್ಲ. ಕಥೆಯೊಳಗಿನ ‘ನಾನು’ ಯಾರೆಂದು ಹತ್ತನೆಯ ವಯಸ್ಸಿನಲ್ಲಿ ಕೇಳಲು ಕಲಿತ ಮಗು, ಇಂಥ ಸಂದೇಶ ಕೈಗೆ ಬಂದಾಗಲೂ ಅದನ್ನೇ ಕೇಳುವ ಸಾಧ್ಯತೆ ಹೆಚ್ಚು ಎಂಬುದು ನನ್ನ ನಂಬಿಕೆ.

ನಮ್ಮ ಪರಂಪರೆಯಲ್ಲಿ ಈ ಅರಿವು ಮೊದಲಿನಿಂದಲೂ ಇತ್ತು. ದೇವನೂರಿನವನೆಂದು ನಮ್ಮ ತಾಲ್ಲೂಕಿನ ಜನ ಅಭಿಮಾನದಿಂದ ಹೇಳಿಕೊಳ್ಳುವ ಲಕ್ಷ್ಮೀಶನ ಜೈಮಿನಿ ಭಾರತವನ್ನು ನೋಡಿ. ಬರೆದ ಕವಿ ಲಕ್ಷ್ಮೀಶ. ಆದರೆ ಧರ್ಮರಾಯನ ಅಶ್ವಮೇಧದ ಕಥೆಯನ್ನು ಹೇಳುವವನು ಜೈಮಿನಿ ಮುನಿ, ಕೇಳುವವನು ಜನಮೇಜಯ ರಾಜ. ಬಭ್ರುವಾಹನನಿಗೂ ಅರ್ಜುನನಿಗೂ, ಅಂದರೆ ಮಗನಿಗೂ ತಂದೆಗೂ, ಕಾಳಗವಾಗುವ ಪ್ರಸಂಗದಲ್ಲಿ ಹಿಂದೆ ರಾಮನಿಗೂ ಕುಶಲವರಿಗೂ ನಡೆದ ಕಾಳಗದ ಪ್ರಸ್ತಾಪ ಬಂದು, ಜನಮೇಜಯನಿಗಾಗಿ ಆ ಕಥೆಯೂ ಅದರೊಳಗೇ ಬಿಚ್ಚಿಕೊಳ್ಳುತ್ತದೆ. ಹೀಗೆ ಸೀತಾ ಪರಿತ್ಯಾಗದ ಪದ್ಯಗಳನ್ನು ಓದುವಾಗ ನಾವು ಕೇಳುತ್ತಿರುವುದು ಒಬ್ಬ ಮುನಿ ಒಬ್ಬ ರಾಜನಿಗೆ, ಅದೂ ಕಥೆಯಲ್ಲಿ ಬರುವ ಪಾಂಡವರ ವಂಶದಲ್ಲೇ ಹುಟ್ಟಿದ ರಾಜನಿಗೆ, ಹೇಳುತ್ತಿರುವ ಮಾತನ್ನು. ಕೇಳುವವನು ಬೇರೆ ಯಾರೋ ಆಗಿದ್ದರೆ ಹೇಳುವ ರೀತಿ ಹೀಗೇ ಇರುತ್ತಿತ್ತೇ ಎಂದು ಒಂಬತ್ತನೆಯ ತರಗತಿಯ ಮಕ್ಕಳನ್ನು ಕೇಳಿದರೆ ಅವರು ಯೋಚಿಸಬಲ್ಲರು. ನಾವು ಮಾತ್ರ ಷಟ್ಪದಿಯ ಪ್ರಸ್ತಾರ ಹಾಕಿಸಿ, ಅಲಂಕಾರ ಹೆಸರಿಸಿ ಮುಂದಿನ ಪದ್ಯಕ್ಕೆ ಹೋಗಿಬಿಡುತ್ತೇವೆ.

ಚಿಕ್ಕ ಮಕ್ಕಳಿಗಾದರೆ ಪುರಂದರದಾಸರ ‘ಗುಮ್ಮನ ಕರೆಯದಿರೆ’ ಎಂಬ ಕೀರ್ತನೆಗಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಇಡೀ ಹಾಡಿನಲ್ಲಿ ಮಾತಾಡುತ್ತಿರುವುದು ಹೆದರಿದ ಒಂದು ಮಗು: ಇನ್ನು ಅಳುವುದಿಲ್ಲ, ತಂಟೆ ಮಾಡುವುದಿಲ್ಲ, ಗುಮ್ಮನನ್ನು ಮಾತ್ರ ಕರೆಯಬೇಡ ಎಂದು ತಾಯಿಯನ್ನು ಬೇಡಿಕೊಳ್ಳುತ್ತದೆ. ಹಾಡಿದವರು ದಾಸರು, ಮಾತು ಕೃಷ್ಣನದು. ಕೊನೆಯ ನುಡಿಗೆ ಬಂದಾಗ ಆ ಮಗುವಿನ ದನಿ ನಿಂತುಹೋಗಿ, ಹೊರಗೆ ನಿಂತು ನೋಡುತ್ತಿದ್ದ ಇನ್ನೊಂದು ದನಿ ಬರುತ್ತದೆ. ಮಗನ ಮಾತು ಕೇಳಿ ತಾಯಿ ನಕ್ಕು ಅವನನ್ನು ಅಪ್ಪಿಕೊಂಡಳೆಂದು ಅದು ನಮಗೆ ತಿಳಿಸುತ್ತದೆ, ಮತ್ತು ಆ ಮಗು ಯಾರೆಂಬುದೂ ಅಂಕಿತದ ಹೆಸರಿನೊಡನೆ ಅಲ್ಲಿಯೇ ಬಯಲಾಗುತ್ತದೆ. ಆ ತಿರುವಿನಲ್ಲಿ ಹಾಡು ನಿಲ್ಲಿಸಿ, ‘ಈಗ ಮಾತಾಡುತ್ತಿರುವವರು ಯಾರು’ ಎಂದು ಕೇಳಿ ನೋಡಿ. ಮಕ್ಕಳ ಮುಖದಲ್ಲಿ ಮೂಡುವ ಬೆಳಕನ್ನು ನಾನು ಅನೇಕ ಸಲ ಕಂಡಿದ್ದೇನೆ. ಒಬ್ಬಳು ಪುಟ್ಟ ಹುಡುಗಿ ‘ಕಿಟಕಿಯಿಂದ ನೋಡ್ತಿದ್ದ ಪಕ್ಕದ ಮನೆಯವರು’ ಎಂದಳು. ಅದು ಪುಸ್ತಕದ ಉತ್ತರವಲ್ಲದಿದ್ದರೂ, ದನಿ ಹೊರಗಿನಿಂದ ಬಂತೆಂಬುದನ್ನು ಅವಳು ಸ್ವತಃ ಕಂಡುಕೊಂಡಿದ್ದಳು.

ನಮ್ಮ ಜಿಲ್ಲೆಯ ಕೊಪ್ಪ, ಶೃಂಗೇರಿಯ ಕಡೆಯ ಮಕ್ಕಳಿಗೆ ತಾಳಮದ್ದಳೆಯೇ ಇದನ್ನು ಕಲಿಸಿಕೊಡುತ್ತದೆ. ಭಾಗವತರು ಪದ ಹೇಳುತ್ತಾರೆ, ಅದರಲ್ಲಿ ಕೌರವನು ಹೀಗೆಂದನು ಎಂದಿರುತ್ತದೆ. ಪಕ್ಕದಲ್ಲಿ ವೇಷವಿಲ್ಲದೆ, ಉಟ್ಟ ಪಂಚೆಯಲ್ಲೇ ಕುಳಿತ ಅರ್ಥಧಾರಿ ಅದನ್ನು ‘ನಾನು’ ಎಂದು ಎತ್ತಿಕೊಂಡು ಕೌರವನಾಗಿ ವಾದಿಸುತ್ತಾನೆ. ಅದೇ ಮನುಷ್ಯ ಮುಂದಿನ ವಾರ ಕೃಷ್ಣನಾಗಿ ಅದಕ್ಕೆ ವಿರುದ್ಧವಾದುದನ್ನೇ ಅಷ್ಟೇ ಸಮರ್ಥವಾಗಿ ಹೇಳುತ್ತಾನೆ. ಅವನ ಸ್ವಂತ ಅಭಿಪ್ರಾಯ ಅದೇ ಎಂದು ಸಭೆಯಲ್ಲಿ ಕೂತ ಯಾವ ಮಗುವೂ ತಿಳಿಯುವುದಿಲ್ಲ. ಹಾಡು ಮತ್ತು ಆಟಗಳಲ್ಲಿ ಇಷ್ಟು ಸಹಜವಾಗಿ ಬರುವ ತಿಳಿವಳಿಕೆಯನ್ನು ಗದ್ಯಪಾಠದ ಬಾಗಿಲಲ್ಲಿ ಬಿಟ್ಟುಬರುವಂತೆ ಮಾಡಬಾರದು ಎಂಬುದೇ ನನ್ನ ಕಳಕಳಿ.

ಪ್ರೌಢಶಾಲೆ ದಾಟಿದವರಿಗೆ ನಮ್ಮ ಜಿಲ್ಲೆಯದೇ ಕೃತಿಯೊಂದು ಒಳ್ಳೆಯ ಪರೀಕ್ಷೆ ಒಡ್ಡುತ್ತದೆ. ಪೂರ್ಣಚಂದ್ರ ತೇಜಸ್ವಿಯವರ 1980ರ ಕಾದಂಬರಿ ‘ಕರ್ವಾಲೊ’ವಿನಲ್ಲಿ ‘ನಾನು’ ಎಂದು ಕಥೆ ಹೇಳುವವನು ಒಬ್ಬ ಕೃಷಿಕ. ತೇಜಸ್ವಿಯವರೂ ಮೂಡಿಗೆರೆಯಲ್ಲಿ ಕೃಷಿ ಮಾಡಿಕೊಂಡಿದ್ದವರು. ಇಲ್ಲಿ ಬರೆದವರನ್ನೂ ಹೇಳುವವನನ್ನೂ ಬೇರ್ಪಡಿಸುವುದು ಹಾಲಿನ ಚೊಂಬಿನ ಕಥೆಯಷ್ಟು ಸುಲಭವಲ್ಲ. ಆದರೂ ಬರೆದವರಿಗೆ ಕಥೆಯ ಕೊನೆ ಮೊದಲೇ ಗೊತ್ತಿದೆ, ಹೇಳುವವನಿಗೆ ಏನು ಯಾವಾಗ ತಿಳಿಯಬೇಕೆಂದು ಅವರೇ ನಿರ್ಧರಿಸಿದ್ದಾರೆ ಎಂಬುದನ್ನು ಗುರುತಿಸಿದರೆ ಆ ಕಾದಂಬರಿಯ ಕುತೂಹಲ ಹೇಗೆ ಹುಟ್ಟುತ್ತದೆ ಎಂಬುದೂ ವಿದ್ಯಾರ್ಥಿಗೆ ಗೊತ್ತಾಗುತ್ತದೆ.

ಎಲ್ಲ ಕಥೆಗಳಲ್ಲೂ ಉತ್ತರ ಇಷ್ಟು ಸ್ಪಷ್ಟವಾಗಿ ಸಿಗುತ್ತದೆ ಎಂದು ನಾನು ಹೇಳುವುದಿಲ್ಲ. ‘ಅವಳು ಬಾಗಿಲಲ್ಲಿ ನಿಂತು ರಸ್ತೆ ನೋಡಿದಳು. ಈ ಬಸ್ಸಿಗೆ ಅಪ್ಪ ಬಂದೇ ಬರುತ್ತಾರೆ’ ಎಂಬ ಎರಡು ವಾಕ್ಯಗಳಿವೆ ಎಂದುಕೊಳ್ಳಿ. ಮೊದಲನೆಯದನ್ನು ಹೇಳಿದವರು ಹೊರಗಿನವರು. ಎರಡನೆಯದರಲ್ಲಿ ‘ಅವಳ ಅಪ್ಪ’ ಎಂದಿಲ್ಲ, ಬರೀ ‘ಅಪ್ಪ’ ಎಂದಿದೆ. ‘ಎಂದುಕೊಂಡಳು’ ಎಂಬುದೂ ಇಲ್ಲ. ಹೊರಗಿನವರೇ ಮಾತು ಮುಂದುವರಿಸಿದ್ದಾರೆ, ಆದರೆ ಆಸೆ ಆ ಹುಡುಗಿಯದು. ಇಂಥ ಕಡೆ ಶಿಕ್ಷಕರು ಒಂದೇ ಉತ್ತರ ಹೇರದೆ, ‘ಇದು ಇಬ್ಬರ ದನಿಯೂ ಹೌದು’ ಎಂಬ ಉತ್ತರಕ್ಕೂ ಅಂಕ ಕೊಡಬೇಕಾಗುತ್ತದೆ. ಮಾದರಿ ಉತ್ತರ ಪತ್ರಿಕೆಗೆ ಇದು ಕಷ್ಟ ಎಂಬುದು ನನಗೆ ಗೊತ್ತು. ಮೌಲ್ಯಮಾಪನದ ಅನುಕೂಲಕ್ಕಾಗಿ ಓದಿನ ಸೂಕ್ಷ್ಮವನ್ನು ಬಿಟ್ಟುಕೊಡುವುದು ಮಾತ್ರ ನ್ಯಾಯವಲ್ಲ.

ಈಗಾಗಲೇ ಪಾಠಗಳ ಹೊರೆ ಹೆಚ್ಚಾಗಿದೆ, ಇದನ್ನೆಲ್ಲ ಎಲ್ಲಿ ಸೇರಿಸುವುದು ಎಂದು ಸೇವೆಯಲ್ಲಿರುವ ಸಹೋದ್ಯೋಗಿಗಳು ಕೇಳುತ್ತಾರೆ. ಅವರ ಕಷ್ಟವನ್ನು ನಾನೂ ಉಂಡವಳು. ಹೊಸ ಪಾಠ ಸೇರಿಸಿ ಎಂದು ನಾನು ಕೇಳುತ್ತಿಲ್ಲ. ಕಥೆ ಮುಗಿದ ಕೂಡಲೇ ‘ಇದರಿಂದ ನಾವು ಕಲಿಯಬೇಕಾದ ನೀತಿ ಏನು’ ಎಂದು ಕೇಳುವ ಅಭ್ಯಾಸ ನಮಗಿದೆಯಷ್ಟೆ; ಅದಕ್ಕೂ ಮೊದಲು ‘ಇದನ್ನು ನಮಗೆ ಹೇಳಿದವರು ಯಾರು’, ‘ಅವರಿಗೆ ಇದು ಹೇಗೆ ಗೊತ್ತಾಯಿತು’ ಎಂಬ ಎರಡು ಪ್ರಶ್ನೆಗಳನ್ನು ಕೇಳಲು ಐದು ನಿಮಿಷ ಸಾಕು. ಒಂದರಿಂದ ಮೂರನೆಯ ತರಗತಿಯವರೆಗಿನ ನಲಿ-ಕಲಿ ಮಕ್ಕಳಿಗೂ ಮೊದಲನೆಯ ಪ್ರಶ್ನೆಯನ್ನು ಕೇಳಬಹುದು. ಪ್ರಶ್ನೆಪತ್ರಿಕೆ ಸಿದ್ಧಪಡಿಸುವವರು ‘ಯಾರು ಯಾರಿಗೆ ಹೇಳಿದರು’ ಎಂಬುದರ ಜೊತೆಗೆ, ವರ್ಷಕ್ಕೊಂದು ಸಲವಾದರೂ, ಪಾತ್ರ ಆಡದ ಒಂದು ಸಾಲನ್ನು ಕೊಟ್ಟು ಅದು ಯಾರ ದನಿ ಎಂದು ಕೇಳಿದರೆ ‘ಲೇಖಕರು ಓದುಗರಿಗೆ ಹೇಳಿದ್ದಾರೆ’ ಎಂಬ ಸಿದ್ಧ ಉತ್ತರದ ಹಿಡಿತ ತಾನಾಗಿ ಸಡಿಲವಾಗುತ್ತದೆ. ಮನೆಯಲ್ಲಿ ಪೋಷಕರು ಮಾಡಬಹುದಾದದ್ದು ಇನ್ನೂ ಸರಳವಾದದ್ದು: ಮಗುವಿಗೆ ಗೊತ್ತಿರುವ ಕಥೆಯನ್ನು ಇನ್ನೊಬ್ಬರ ಬಾಯಿಯಿಂದ ಹೇಳಿಸುವುದು. ಹಾಲಿನ ಚೊಂಬಿನ ಕಥೆಯನ್ನು ಪುಟ್ಟಿ ಹೇಳಿದ್ದರೆ ಹೇಗಿರುತ್ತಿತ್ತು ಎಂದು ನಾನು ಮೂರನೆಯ ಶನಿವಾರ ಬರೆಯಲು ಹೇಳಿದಾಗ, ನನ್ನ ತಂಗಿಗಾಗಿ ಮರುಗಿದ್ದ ಅದೇ ಹುಡುಗಿ ಮೊದಲ ಸಾಲನ್ನು ಹೀಗೆ ಬರೆದಿದ್ದಳು: ‘ನಾನು ಅಡುಗೆಮನೆಗೆ ಬರುವ ಹೊತ್ತಿಗೆ ಹಾಲು ಚೆಲ್ಲಿತ್ತು, ಅಣ್ಣನ ಕೈ ಒದ್ದೆಯಾಗಿತ್ತು.’

ತಮ್ಮ ಪತ್ರಿಕೆಯಲ್ಲಿಯೂ ಒಂದು ವಿನಂತಿ ಇದೆ. ಮಕ್ಕಳ ಪುಟದಲ್ಲಿ ಕಥೆಯ ಕೊನೆಗೆ ‘ನೀತಿ’ ಎಂದು ಒಂದು ಸಾಲು ಅಚ್ಚು ಮಾಡುವ ಜಾಗದಲ್ಲಿ, ತಿಂಗಳಿಗೊಂದು ಕಥೆಗಾದರೂ ‘ಈ ಕಥೆಯನ್ನು ಹೇಳಿದವರು ಯಾರು? ನಿಮಗೆ ಹೇಗೆ ತಿಳಿಯಿತು?’ ಎಂದು ಅಚ್ಚು ಮಾಡಿ, ಮಕ್ಕಳು ಬರೆದು ಕಳುಹಿಸುವ ಉತ್ತರಗಳಲ್ಲಿ ಕೆಲವನ್ನು ಮುಂದಿನ ವಾರ ಪ್ರಕಟಿಸಬೇಕೆಂದು ಕೋರುತ್ತೇನೆ. ನಮ್ಮ ಗ್ರಂಥಾಲಯದ ಹನ್ನೆರಡು ಮಕ್ಕಳ ಉತ್ತರಗಳು ತಪ್ಪದೆ ಬರುತ್ತವೆ.

ಇಂತಿ,
ನಿವೃತ್ತ ಕನ್ನಡ ಅಧ್ಯಾಪಕಿ,
ಕಡೂರು ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ